ಬೆನ್ನನ್ನು ಪಕ್ಕದಿಂದ ನೋಡಿ

ಎಪ್ಪತ್ತರ ಅಮ್ಮನ ಎಕ್ಸ್-ರೇ ವರದಿಯಲ್ಲಿ ‘ಸ್ಕೋಲಿಯೋಸಿಸ್, 26 ಡಿಗ್ರಿ’ ಎಂದಿರುವುದನ್ನು ಕಂಡು ಓದುಗರೊಬ್ಬರು ಗಾಬರಿಯಾಗಿದ್ದಾರೆ. ‘ಇದು ಬೆಳೆಯುವ ಮಕ್ಕಳಿಗೆ ಬರುವಂಥದ್ದಲ್ಲವೆ? ಈ ವಯಸ್ಸಿನಲ್ಲಿ ರಾಡು, ಸ್ಕ್ರೂ ಹಾಕಿಸಬೇಕೆ?’ ಎಂಬುದು ಅವರ ಪ್ರಶ್ನೆ.

ಆ ಅಂಕಿಯೊಂದನ್ನೇ ನೋಡಿ ಹೆದರಬೇಕಿಲ್ಲ. ಬೆನ್ನುಮೂಳೆ ಪಕ್ಕಕ್ಕೆ 10 ಡಿಗ್ರಿ ಡೊಂಕಾದರೂ ಸಾಕು, ಸ್ಕೋಲಿಯೋಸಿಸ್ ಎಂಬ ಹೆಸರು ಅಂಟಿಕೊಳ್ಳುತ್ತದೆ. ಡಿಸ್ಕುಗಳು ಒಂದು ಮಗ್ಗುಲಲ್ಲಿ ಹೆಚ್ಚು ಸವೆದರೆ ವಯಸ್ಸಾದವರಿಗೂ ಇದು ಬರುತ್ತದೆ. ಬೆನ್ನು ಡೊಂಕಿದೆ ಎಂದು ಅದುವರೆಗೆ ಯಾರೂ ಹೇಳಿರದ, 60 ದಾಟಿದ 75 ಮಂದಿಯ ಎಕ್ಸ್-ರೇಗಳನ್ನು ಅಮೆರಿಕದ ಫ್ರಾಂಕ್ ಶ್ವಾಬ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಶೇ. 68 ಮಂದಿಯಲ್ಲಿ ಡೊಂಕು ಕಂಡಿತು. ಆ ಅಧ್ಯಯನ ಪ್ರಕಟವಾದದ್ದು 2005ರಲ್ಲಿ.

ಹೀಗೆ ಡಿಗ್ರಿ ಎಣಿಸುವ ರೂಢಿ ನ್ಯೂಯಾರ್ಕಿನ ಮೂಳೆವೈದ್ಯ ಜಾನ್ ಕಾಬ್ ಅವರದು, 1948ರದು. ಎದುರಿನಿಂದ ತೆಗೆದ ಚಿತ್ರದ ಮೇಲೆ ಎರಡು ಗೆರೆ ಎಳೆದು ಕೋನ ಅಳೆದರೆ ಮುಗಿಯಿತು. ಅಷ್ಟು ಸುಲಭವಾಗಿದ್ದರಿಂದಲೇ ವೈದ್ಯಲೋಕ ದಶಕಗಟ್ಟಲೆ ಬೆನ್ನನ್ನು ಬರೀ ಎದುರಿನಿಂದ ನೋಡುತ್ತ ಕೂತಿತು ಎಂಬುದು ನನ್ನ ದೂರು.

ಅದರಿಂದ ಏನಾಯಿತೆಂದು ಹೂಸ್ಟನ್ನಿನ ಕಥೆ ಹೇಳುತ್ತದೆ. ಪೋಲಿಯೊದಿಂದ ಬೆನ್ನು ತಿರುಚಿಕೊಂಡ ಮಕ್ಕಳಿಗಾಗಿ ಪಾಲ್ ಹ್ಯಾರಿಂಗ್ಟನ್ ಅಲ್ಲಿ ಉಕ್ಕಿನ ರಾಡು, ಕೊಕ್ಕೆಗಳನ್ನು ರೂಪಿಸಿದರು. 1962ರಲ್ಲಿ ವಿವರ ಪ್ರಕಟಿಸಿದರು. ಮೇಲೊಂದು ಕೆಳಗೊಂದು ಕೊಕ್ಕೆ ಸಿಕ್ಕಿಸಿ, ನಡುವಿನ ರಾಡಿನಿಂದ ಎರಡನ್ನೂ ದೂರ ತಳ್ಳಿದರೆ ಡೊಂಕು ನೆಟ್ಟಗಾಗುತ್ತಿತ್ತು. ಎದುರಿನ ಎಕ್ಸ್-ರೇ ನೋಡಿ ಎಲ್ಲರಿಗೂ ಸಂತೋಷ. ಆದರೆ ರಾಡು ಸೊಂಟದ ಕೆಳಭಾಗದವರೆಗೂ ಇಳಿದವರಲ್ಲಿ ನೆಟ್ಟಗಾಗಬಾರದ್ದೂ ನೆಟ್ಟಗಾಗಿಬಿಟ್ಟಿತ್ತು: ಸೊಂಟದ ಹಿಂದೆ ಎಲ್ಲರಿಗೂ ಇರಬೇಕಾದ ಒಳಬಾಗು. ಇಂಥವರು ವರ್ಷಗಳು ಕಳೆದ ಮೇಲೆ ಮುಂದಕ್ಕೆ ಬಾಗಿ, ಮಂಡಿ ಮಡಚಿಕೊಂಡು, ನೋವು ತಿನ್ನುತ್ತ ಮರಳಿ ಬಂದರು. 1970ರ ದಶಕದಲ್ಲಿ ವೈದ್ಯರು ಇದನ್ನು ಫ್ಲಾಟ್‌ಬ್ಯಾಕ್ ಎಂದು ಗುರುತಿಸಿದರು. ಚಿಕಿತ್ಸೆಯೇ ತಂದಿಟ್ಟ ಕಾಯಿಲೆ ಇದು.

ನಿಂತ ಮನುಷ್ಯನನ್ನು ಪಾದದಿಂದ ತಲೆಯವರೆಗೆ ಒಟ್ಟಾಗಿ ನೋಡಬೇಕೆಂದು ಪಟ್ಟುಹಿಡಿದವರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜಾನ್ ದ್ಯುಬುಸೆ ಮುಖ್ಯರು. 1990ರ ದಶಕದಲ್ಲಿ ಅವರು ಮಂಡಿಸಿದ ‘ಮಿತವ್ಯಯದ ಶಂಕು’ ನನಗೆ ಬಲು ಇಷ್ಟದ ಕಲ್ಪನೆ. ಬುಗುರಿಯನ್ನು ನೆನೆಸಿಕೊಳ್ಳಿ: ಮೊಳೆ ಕೆಳಗೆ, ಅಗಲ ಮೇಲೆ. ಮೊಳೆಯ ಜಾಗದಲ್ಲಿ ಪಾದಗಳನ್ನಿಡಿ, ಮೇಲಿನ ಅಗಲದಲ್ಲಿ ತಲೆಯನ್ನಿಡಿ. ದ್ಯುಬುಸೆಯ ಶಂಕು ಸಿದ್ಧ. ನಿಂತವರು ಯಾರೂ ಅಲುಗಾಡದೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಷ್ಟು ತೂಗುತ್ತಲೇ ಇರುತ್ತಾರೆ. ಆ ತೂಗಾಟ ನಟ್ಟನಡುವೆ ನಡೆದರೆ, ನೆಟ್ಟಗೆ ನಿಂತು ಗುಂಯ್‌ಗುಡುವ ಬುಗುರಿಯ ಹಾಗೆ, ಶ್ರಮವೇ ತಿಳಿಯುವುದಿಲ್ಲ. ತಲೆ ನಡುವಿನಿಂದ ಸರಿಯುತ್ತ ಬಂದರೆ ಬುಗುರಿ ಓಲಾಡತೊಡಗುತ್ತದೆ. ಬುಗುರಿಯಾದರೆ ಬಿದ್ದು ಉರುಳುತ್ತದೆ. ಮನುಷ್ಯ ಬೀಳದಿರಲು ಬೆನ್ನು, ಪೃಷ್ಠ, ತೊಡೆಯ ಸ್ನಾಯುಗಳನ್ನು ಬಿಗಿಹಿಡಿದೇ ಇರಬೇಕಾಗುತ್ತದೆ. ದಿನವಿಡೀ ಈ ದುಂದುವೆಚ್ಚ ನಡೆದರೆ ಸಂಜೆಗೆ ಬೆನ್ನು ಸುಸ್ತಾಗದೆ ಇನ್ನೇನು? ಶಂಕುವಿನ ಅಂಚನ್ನೂ ದಾಟಿದವರಿಗೆ ಕೋಲೋ ಗೋಡೆಯೋ ಬೇಕೇ ಬೇಕು.

ವಯಸ್ಸಾದಂತೆ ಡಿಸ್ಕು ಸವೆದು ಸೊಂಟದ ಒಳಬಾಗು ಕರಗಿದರೆ ಮುಂಡ ಮುಂದಕ್ಕೆ ಹೋಗುತ್ತದೆ. ದೇಹ ಸುಮ್ಮನಿರುವುದಿಲ್ಲ. ಪೆಲ್ವಿಸ್, ಅಂದರೆ ಸೊಂಟದ ಎಲುಬುಕಟ್ಟನ್ನು, ಹಿಂದಕ್ಕೆ ವಾಲಿಸುತ್ತದೆ. ಸಾಲದಿದ್ದರೆ ಮಂಡಿ ಮಡಚುತ್ತದೆ. ಜಪಾನ್, ಕೊರಿಯಾಗಳಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಗ್ಗಿ ದುಡಿದ ರೈತ ಮಹಿಳೆಯರಲ್ಲಿ ಈ ಬಗೆಯ ಗೂನನ್ನು ವೈದ್ಯರು ಬಹಳ ಕಂಡಿದ್ದಾರೆ. ಅಲ್ಲಿ ಬೆನ್ನಿಗಿಂತ ಮೊದಲು ಮೊಣಕೈ ನೋಡುವುದುಂಟು. ಅಡುಗೆಮನೆಯ ಕಟ್ಟೆಗೆ ಮೊಣಕೈ ಊರಿ, ಮುಂಡದ ಭಾರವನ್ನೆಲ್ಲ ಅದರ ಮೇಲೆ ಹಾಕಿ ಪಾತ್ರೆ ತೊಳೆದೂ ತೊಳೆದೂ ಅಲ್ಲಿ ಚರ್ಮ ಕಪ್ಪಗೆ ಜಡ್ಡುಗಟ್ಟಿರುತ್ತದೆ. ತುಂಬಿದ ಪಾತ್ರೆಯನ್ನು ಮೈಮುಂದೆ ಹಿಡಿದು ನಾಲ್ಕು ಹೆಜ್ಜೆ ನಡೆಯುವುದೂ ಇವರಿಗೆ ಕಷ್ಟ, ಏರು ಹತ್ತುವುದೂ ಕಷ್ಟ. ನಾಟಿ, ಕಳೆ ಎಂದು ಆಯುಷ್ಯವೆಲ್ಲ ಬಗ್ಗಿದ ನಮ್ಮ ಅಜ್ಜಿಯಂದಿರ ಮೊಣಕೈಗಳನ್ನೂ ಒಮ್ಮೆ ನೋಡಬಹುದು.

ಎದುರಿನ ಡೊಂಕಿಗಿಂತ ಪಕ್ಕದ ವಾಲು ಹೆಚ್ಚು ಕಾಡುತ್ತದೆ ಎಂಬುದನ್ನು ಅಂಕಿಅಂಶದಲ್ಲಿ ಹಿಡಿದವರು ಕೆಂಟಕಿಯ ಸ್ಟೀವನ್ ಗ್ಲಾಸ್‌ಮನ್ ಮತ್ತು ಸಹೋದ್ಯೋಗಿಗಳು, 2005ರಲ್ಲಿ. ಕತ್ತಿನ ಬುಡದ ಮಣಿಯಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟಂತೆ ಎಕ್ಸ್-ರೇ ಮೇಲೆ ಗೆರೆ ಎಳೆದು, ಅದು ಬೆನ್ನುಮೂಳೆಯ ಬುಡದಿಂದ ಎಷ್ಟು ಮುಂದೆ ಬೀಳುತ್ತದೆಂದು ಅಳೆದರು. 752 ರೋಗಿಗಳಲ್ಲಿ 352 ಮಂದಿಯ ಗೆರೆ ಮುಂದೆ ಬಿದ್ದಿತ್ತು; ಮುಂದೆ ಹೋದಷ್ಟೂ ನೋವು, ಅಸಹಾಯಕತೆ ಏರಿತ್ತು. ಅದಕ್ಕೂ ಮೊದಲೇ ಫ್ರಾನ್ಸಿನ ಜಿನೆತ್ ದ್ಯುವಾಲ್-ಬೊಪೇರ್ ಇನ್ನೊಂದು ಗುಟ್ಟು ಬಿಡಿಸಿದ್ದರು: ಒಬ್ಬೊಬ್ಬರ ಪೆಲ್ವಿಸ್ಸಿಗೂ ತನ್ನದೇ ಕೋನವಿದೆ, ಯಾರಿಗೆ ಎಷ್ಟು ಒಳಬಾಗು ಬೇಕೆಂಬುದನ್ನು ಅದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎರಡರ ನಡುವಿನ ಅಂತರ 10 ಡಿಗ್ರಿಯೊಳಗಿರಲಿ ಎಂಬ ಸೂತ್ರ ಅಲ್ಲಿಂದ ಬೆಳೆಯಿತು.

ಹಾಗಾದರೆ ಆಪರೇಷನ್? ಉತ್ತರ ಅಮೆರಿಕದ ಒಂಬತ್ತು ಕೇಂದ್ರಗಳಲ್ಲಿ 40ರಿಂದ 80 ವಯಸ್ಸಿನವರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಚೀಟಿ ಎತ್ತಿದಂತೆ ಚಿಕಿತ್ಸೆ ಹಂಚಲು ಒಪ್ಪಿದವರು 63 ಮಂದಿ ಮಾತ್ರ. ಉಳಿದ 223 ಮಂದಿ ತಾವೇ ಆರಿಸಿಕೊಂಡರು. ಚೀಟಿಯಲ್ಲಿ ‘ಆಪರೇಷನ್ ಬೇಡ’ ಎಂದು ಬಂದವರಲ್ಲಿ ಶೇ. 64 ಮಂದಿ ಎರಡು ವರ್ಷದೊಳಗೆ ಆಪರೇಷನ್ ಕಡೆಗೇ ಹೊರಟುಬಿಟ್ಟರು. ಹಾಗಾಗಿ ಚೀಟಿಯ ಲೆಕ್ಕದಲ್ಲಿ ಎರಡೂ ಗುಂಪು ಸಮ. ನಿಜಕ್ಕೂ ಯಾರಿಗೆ ಏನಾಯಿತೋ ಆ ಲೆಕ್ಕ ಹಿಡಿದರೆ ಮಾತ್ರ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದೆ. ನೂರು ಅಂಕಗಳ ಅಸಾಮರ್ಥ್ಯ ಮಾಪಕದಲ್ಲಿ ಸುಮಾರು 15 ಅಂಕಗಳ ವ್ಯತ್ಯಾಸ. ಇದು ಸಣ್ಣದಲ್ಲ.

ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ಹಲವು ಕೇಂದ್ರಗಳಲ್ಲಿ ಆಪರೇಷನ್ ಆದ 291 ಮಂದಿಯನ್ನು ಕನಿಷ್ಠ ಎರಡು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಸುಮಾರು ಶೇ. 70 ಮಂದಿಗೆ ಚಿಕ್ಕದೋ ದೊಡ್ಡದೋ ಒಂದು ತೊಡಕಾದರೂ ಆಗಿತ್ತು, ಶೇ. 28 ಮಂದಿ ಮತ್ತೆ ಆಪರೇಷನ್ ಟೇಬಲ್ ಏರಿದ್ದರು. ರಾಡು ಮುರಿಯುವುದುಂಟು, ಮೂಳೆ ಬೆಸೆಯದಿರುವುದುಂಟು, ಎಲ್ಲಕ್ಕಿಂತ ಮೇಲಿನ ಸ್ಕ್ರೂ ಇರುವಲ್ಲೇ ಬೆನ್ನು ಹೊಸದಾಗಿ ಬಾಗುವುದುಂಟು. ಸೂತ್ರ ಹಿಡಿದು ಎಪ್ಪತ್ತರವರ ಬೆನ್ನನ್ನು ಮೂವತ್ತರವರಂತೆ ನಿಲ್ಲಿಸಹೋದರೆ ಈ ಕೊನೆಯ ಅಪಾಯ ಹೆಚ್ಚು. ಆದ್ದರಿಂದ ವಯಸ್ಸಾದವರಿಗೆ ಸ್ವಲ್ಪ ಬಾಗು ಉಳಿದರೆ ಉಳಿಯಲಿ ಎನ್ನುವ ಗುರಿಗಳು ಈಗ ಬಂದಿವೆ. ರೋಬೋಟ್, ಅಳತೆಗೆ ಬಾಗಿಸಿ ತರಿಸಿದ ರಾಡು ಎಂಬ ಜಾಹೀರಾತುಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲದು, ಅದನ್ನು ರೋಬೋಟೇ ಕೂರಿಸಲಿ.

2019ರ ಪ್ರಯೋಗ ನಡೆಸಿದವರ ತೀರ್ಮಾನ ನನಗೆ ಒಪ್ಪಿತ: ಈಗಿರುವ ಸ್ಥಿತಿಯಲ್ಲಿ ನಿಭಾಯಿಸಿಕೊಂಡು ಹೋಗಬಲ್ಲೆ ಎನ್ನುವವರು ಆಪರೇಷನ್ ಇಲ್ಲದೆ ಇರಬಹುದು, ಆದರೆ ದೊಡ್ಡ ಸುಧಾರಣೆ ನಿರೀಕ್ಷಿಸಬಾರದು, ಹೀಗೆ ಬಾಳಲಾರೆ ಎನ್ನುವವರಿಗೆ ಆಪರೇಷನ್ ಮೇಲು. ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಈ ಲೆಕ್ಕಾಚಾರ ಬೇಡ, ಕೂಡಲೇ ವೈದ್ಯರ ಬಳಿ ಹೋಗಿ. ಉಳಿದವರು ದಿನಾಂಕ ಗೊತ್ತುಮಾಡುವ ಮುನ್ನ ಎರಡು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ: ನಿಂತು ಪಕ್ಕದಿಂದ ತೆಗೆದ ಪೂರ್ಣ ಬೆನ್ನಿನ ಎಕ್ಸ್-ರೇ, ಮೂಳೆ ಸಾಂದ್ರತೆಯ ಡೆಕ್ಸಾ. ಮಲಗಿಸಿ ತೆಗೆದ ಎಂಆರ್‌ಐ ನರದ ಒತ್ತಡ ತೋರಿಸುತ್ತದೆ, ನಿಂತಾಗ ಮೈ ಎಷ್ಟು ವಾಲುತ್ತದೆಂಬುದನ್ನು ತೋರಿಸುವುದಿಲ್ಲ.