ಖಾಲಿ ಕ್ಯಾಬಿನ ಎಂಜಿನ್, ಯಾರ್ಡಿನಾಚೆಯ ಜನ

ಗೂಡ್ಸ್ ರೈಲುಗಳ ವ್ಯಾಗನ್‌ಗಳನ್ನು ಬಿಡಿಸಿ, ತಲುಪಬೇಕಾದ ಊರಿಗನುಸಾರ ವಿಂಗಡಿಸಿ ಮತ್ತೆ ಜೋಡಿಸುವ ಶಂಟಿಂಗ್ ಕೆಲಸದಲ್ಲಿ, ಕ್ಯಾಬಿನೊಳಗೆ ಚಾಲಕನಿಲ್ಲದೆ, ಹಳಿಯ ಪಕ್ಕದಲ್ಲಿ ನಿಂತ ಸಿಬ್ಬಂದಿಯೇ ರೇಡಿಯೊ ಸಂಕೇತದಿಂದ ಎಂಜಿನ್ ಓಡಿಸುವ ಪದ್ಧತಿ ಉತ್ತರ ಅಮೆರಿಕದ ಮಟ್ಟಿಗೆ ಮೊದಲು ಕೆನಡಾದಲ್ಲಿ ಬೇರೂರಿತು. ಅಮೆರಿಕದ ಫೆಡರಲ್ ರೈಲ್‌ರೋಡ್ ಆಡಳಿತವು 2001ರಲ್ಲಿ ಮಾರ್ಗಸೂಚಿ ಹೊರಡಿಸಿದ ಬಳಿಕ ಅಲ್ಲಿನ ದೊಡ್ಡ ಕಂಪನಿಗಳೂ ಅದನ್ನು ಅಳವಡಿಸಿಕೊಂಡವು. ಎಂಜಿನ್ ಚಾಲಕರ ಸಂಘ ಇದನ್ನು ಬಲವಾಗಿ ವಿರೋಧಿಸಿತು.

ಸಿಬ್ಬಂದಿ ಎದೆಯ ಮುಂದೆ ಕಟ್ಟಿಕೊಳ್ಳುವ ಪೆಟ್ಟಿಗೆಯಲ್ಲಿ ವೇಗಕ್ಕೊಂದು, ಬ್ರೇಕಿಗೊಂದು ಹಿಡಿಕೆಯಿದ್ದು, ಗಂಟೆ ಮತ್ತು ಹಾರ್ನ್‌ಗೆ ಗುಂಡಿಗಳಿರುತ್ತವೆ. ಅದನ್ನು ಧರಿಸಿದವನು ಎಡವಿ ಬಿದ್ದು ಪೆಟ್ಟಿಗೆ ವಾಲಿದರೆ, ಅಥವಾ ರೇಡಿಯೊ ಸಂಪರ್ಕ ಕಡಿದುಹೋದರೆ, ಯಾರ ಅಪ್ಪಣೆಗೂ ಕಾಯದೆ ಬ್ರೇಕ್ ತಾನಾಗಿಯೇ ಬೀಳುತ್ತದೆ. ಈ ಏರ್ಪಾಡು ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಬ್ರೇಕ್ ಬೀಳುವುದೇ ಬೇರೆ, ರೈಲು ನಿಲ್ಲುವುದೇ ಬೇರೆ. 2016ರ ಜೂನ್‌ನಲ್ಲಿ ಟೊರೊಂಟೊ ಬಳಿಯ ಮ್ಯಾಕ್‌ಮಿಲನ್ ಯಾರ್ಡಿನಲ್ಲಿ ಹೀಗೆ ರಿಮೋಟ್‌ನಿಂದ ಓಡಿಸುತ್ತಿದ್ದ ಎಂಜಿನ್‌ಗಳು, 70ಕ್ಕೂ ಹೆಚ್ಚು ವ್ಯಾಗನ್‌ಗಳೊಡನೆ ಹತೋಟಿ ತಪ್ಪಿ ಮುಖ್ಯ ಮಾರ್ಗದ ಮೇಲೆ ಸುಮಾರು 5 ಕಿಲೋಮೀಟರ್ ಉರುಳಿ, ಮುಂದಿನ ಏರಿನಲ್ಲಿ ತಾವಾಗಿಯೇ ನಿಂತವು. ವ್ಯಾಗನ್‌ಗಳ ಏರ್ ಬ್ರೇಕ್ ಬಳಕೆಯಲ್ಲಿರಲಿಲ್ಲ. ಅಷ್ಟು ಭಾರವನ್ನು ಇಳಿಜಾರಿನಲ್ಲಿ ತಡೆಯಲು ಎಂಜಿನ್‌ಗಳ ಬ್ರೇಕ್ ಮಾತ್ರ ಸಾಲಲಿಲ್ಲ. ಯಾರಿಗೂ ಗಾಯವಾಗಲಿಲ್ಲವೆಂಬುದು ಅದೃಷ್ಟ.

ಸಾರ್ವಜನಿಕರ ಮಟ್ಟಿಗೆ ಇದಕ್ಕಿಂತ ಗಂಭೀರವಾದ ಪ್ರಶ್ನೆ, ಚಲನೆಯ ಮುಂಬದಿಯನ್ನು ನೋಡುವವರು ಯಾರು ಎಂಬುದು. ಅಮೆರಿಕದ ಯಾರ್ಡುಗಳಲ್ಲಿ ‘ರಿಮೋಟ್ ಕಂಟ್ರೋಲ್ ವಲಯ’ ಎಂದು ಗುರುತಿಸಿದ ಹಳಿಗಳು ಖಾಲಿಯಾಗಿವೆ ಎಂದು ಒಮ್ಮೆ ಖಚಿತಪಡಿಸಿಕೊಂಡರೆ, ಆ ವಲಯ ಜಾರಿಯಲ್ಲಿರುವಷ್ಟು ಹೊತ್ತು ಪ್ರತಿ ಚಲನೆಯಲ್ಲೂ ಮುಂಬದಿಯನ್ನು ಗಮನಿಸುತ್ತಲೇ ಇರಬೇಕಾಗಿಲ್ಲ. ಬೇರೆ ರೈಲುಗಳು ಮತ್ತು ಸಿಬ್ಬಂದಿ ವಲಯದೊಳಕ್ಕೆ ಬಾರದಂತೆ ತಡೆಯಲು ಈ ನಿಯಮ ಸಾಕು. ಶಾಲೆಗೋ ಅಂಗಡಿಗೋ ಹತ್ತಿರದ ದಾರಿಯೆಂದು ಬೇಲಿಯ ಕಿಂಡಿಯಿಂದ ನುಸುಳುವವನಿಗೆ ಈ ನಿಯಮ ಗೊತ್ತಿರುವುದಿಲ್ಲ. ಎಂಜಿನ್ ಹಿಂದಿನಿಂದ ತಳ್ಳುವಾಗ ಮುಂದಿನ ವ್ಯಾಗನ್ ಹೆಚ್ಚು ಸದ್ದಿಲ್ಲದೆ ಬರುತ್ತದೆ, ಅವನನ್ನು ಕಂಡು ಹಾರ್ನ್ ಬಾರಿಸಲು ಅಲ್ಲಿ ಯಾರೂ ಇರುವುದಿಲ್ಲ. ಯಾರ್ಡಿನ ಪ್ರವೇಶದಲ್ಲಿ ಎಚ್ಚರಿಕೆ ಫಲಕ ನೆಟ್ಟ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. ಬೇಲಿಯ ಕಿಂಡಿ ಮುಚ್ಚಿಸುವುದು, ಜನ ಓಡಾಡುವ ಲೆವೆಲ್ ಕ್ರಾಸಿಂಗಿನಲ್ಲಿ ಕಾವಲಿಗೆ ಒಬ್ಬರನ್ನು ನಿಲ್ಲಿಸುವುದು ಕ್ಯಾಬನ್ನು ಖಾಲಿ ಮಾಡಿದ ಕಂಪನಿಯದೇ ಹೊಣೆ.