ಫೈಲ್ ಅಲ್ಲೇ ಇತ್ತು, ಅಪಾಚೆ ಇಲ್ಲ ಅಂತಿತ್ತು

ಐದನೇ ಸೆಮಿಸ್ಟರ್‌ನ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಎಕ್ಸ್‌ಟರ್ನಲ್ ಬರುವವರಿದ್ದರು. ಮಧ್ಯಾಹ್ನ ಮೂರಕ್ಕೆ ಲ್ಯಾಬ್ ಕಂಪ್ಯೂಟರಿನಲ್ಲಿ ನಮ್ಮ ಹಾಸ್ಟೆಲ್ ಮೆಸ್ ಲೆಕ್ಕದ ವೆಬ್‌ಸೈಟ್ ತೆರೆದರೆ ಪುಟದ ತುಂಬ ಎರರ್. ಲ್ಯಾಬ್‌ನಲ್ಲಿದ್ದದ್ದು ಪಿಎಚ್‌ಪಿ 5.6, ನನ್ನ ಲ್ಯಾಪ್‌ಟಾಪಿನಲ್ಲಿ ನಾವು ಬರೆದದ್ದು ಪಿಎಚ್‌ಪಿ 8ರಲ್ಲಿ.

‘ಅಷ್ಟೇ ತಾನೇ, ಹೊಸ ಪಿಎಚ್‌ಪಿ ಫೋಲ್ಡರ್ ತಂದು ಹಾಕಿದ್ರಾಯ್ತು’ ಎಂದು ಗೆಳೆಯ ಪೆನ್‌ಡ್ರೈವ್ ಹಿಡಿದು ಹಾಸ್ಟೆಲ್‌ಗೆ ಓಡಿದ. ತಂದು ಕಾಪಿ ಮಾಡಿದ. ಈಗ ಅಪಾಚೆ ಸರ್ವರ್ ಸ್ಟಾರ್ಟ್ ಆಗಲೇ ಇಲ್ಲ. ಪಿಎಚ್‌ಪಿಯನ್ನು ಅಪಾಚೆಗೆ ಜೋಡಿಸುವ ಡಿಎಲ್‌ಎಲ್ ಫೈಲಿನ ಹೆಸರು ಹೇಳಿ, ಆ ಮಾಡ್ಯೂಲ್ ಸಿಗುತ್ತಿಲ್ಲ ಎಂಬ ಸಂದೇಶ.

‘ಪೂರ್ತಿ ಕಾಪಿ ಮಾಡಿಲ್ಲ ಕಣೋ ನೀನು’ ಎಂದು ರೇಗಿದೆ.

‘ಇಲ್ಲೇ ಇದೆ ನೋಡೋ ಮಗಾ’ ಎಂದು ಸ್ಕ್ರೀನ್ ಮೇಲೆ ಬೆರಳಿಟ್ಟ. ಇತ್ತು. ಆದರೂ ಮತ್ತೆರಡು ಸಲ ಕಾಪಿ ಮಾಡಿಸಿದೆ. ಮೂರನೇ ಸಲ ಹೇಳಿದಾಗ ಅವನು ಬ್ಯಾಗ್ ಎತ್ತಿಕೊಂಡು ಹೊರಟೇ ಹೋದ.

ಪಕ್ಕದ ಸಿಸ್ಟಮ್‌ನಲ್ಲಿದ್ದ ಸೀನಿಯರ್ ಅಕ್ಕ ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಜಿಪ್ ಫೈಲ್‌ಗಳ ಹೆಸರು ಪೂರ್ತಿ ಓದಿದ್ಯಾ?’ ಹಳೆಯ ಅಪಾಚೆಯ ಜಿಪ್ ಹೆಸರಿನಲ್ಲಿ ವಿಸಿ 11 ಎಂದಿತ್ತು, ನಮ್ಮ ಪಿಎಚ್‌ಪಿಯದರಲ್ಲಿ ವಿಎಸ್ 16. ಮೊದಲನೆಯದು ವಿಷುಯಲ್ ಸ್ಟುಡಿಯೊ 2012ರ ಕಂಪೈಲರ್, ಎರಡನೆಯದು 2019ರದ್ದು. ನಾನು ಅದನ್ನು ಗಾಡಿಯ ನಂಬರ್ ಪ್ಲೇಟಿನ ಹಾಗೆ ನೋಡಿ ಬಿಟ್ಟಿದ್ದೆ.

ವಿಂಡೋಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಮ್ ಸಾಮಾನ್ಯವಾಗಿ ಒಂಟಿಯಾಗಿ ಓಡುವುದಿಲ್ಲ. ಮೆಮೊರಿ ಕೇಳಲು, ಫೈಲ್ ತೆರೆಯಲು ತನ್ನ ಕಂಪೈಲರಿನ ಜೊತೆಗಿನ ರನ್‌ಟೈಮ್ ಡಿಎಲ್‌ಎಲ್ ಅದಕ್ಕೆ ಬೇಕು. ಲ್ಯಾಬ್ ಕಂಪ್ಯೂಟರಿನಲ್ಲಿ ಇದ್ದದ್ದು 2012ರ ರನ್‌ಟೈಮ್ ಮಾತ್ರ. ನಮ್ಮ ಡಿಎಲ್‌ಎಲ್ ಸಿಕ್ಕಿತ್ತು, ಅದು ಕೇಳಿದ ಇನ್ನೊಂದು ಫೈಲ್ ಸಿಕ್ಕಿರಲಿಲ್ಲ. ಆದರೆ ವಿಂಡೋಸ್ ದೂರಿದ್ದು ನಮ್ಮ ಫೈಲನ್ನು. ನಾನು ದೂರಿದ್ದು ಗೆಳೆಯನನ್ನು.

ಲ್ಯಾಬ್ ಸರ್ ಪಾಸ್‌ವರ್ಡ್ ಹಾಕಿಕೊಟ್ಟರು, ಮೈಕ್ರೋಸಾಫ್ಟ್‌ನ ಹೊಸ ರೀಡಿಸ್ಟ್ರಿಬ್ಯೂಟಬಲ್ ಇನ್‌ಸ್ಟಾಲ್ ಮಾಡಿದೆ. ಅಪಾಚೆ ಎದ್ದು ಕೂತಿತು! ನಾನು ಕುಣಿಯುವುದರಲ್ಲಿದ್ದೆ. ‘ಸ್ಟಾರ್ಟ್ ಆದ ಮಾತ್ರಕ್ಕೆ ನಂಬಬೇಡ’ ಎಂದರು ಅಕ್ಕ.

ಅವರು ಹೇಳಿದ್ದು ಹೀಗೆ. ಮಾಡ್ಯೂಲ್ ಆಗಿ ಸೇರಿಸಿದಾಗ ಪಿಎಚ್‌ಪಿ ಅಪಾಚೆಯ ಪ್ರೋಸೆಸ್ ಒಳಗೇ ಓಡುತ್ತದೆ. ಒಂದೇ ಮನೆ, ಎರಡು ರನ್‌ಟೈಮ್. ಮೆಮೊರಿಯ ಲೆಕ್ಕ ಒಬ್ಬೊಬ್ಬರದು ಒಂದೊಂದು. ಕಾಲೇಜಿನ ದೊಡ್ಡ ಲೈಬ್ರರಿಯಲ್ಲಿ ತಂದ ಪುಸ್ತಕವನ್ನು ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ವಾಪಸ್ ಕೊಟ್ಟರೆ ಅವರ ರಿಜಿಸ್ಟರಿನಲ್ಲಿ ಅದು ಇರುವುದೇ ಇಲ್ಲವಲ್ಲ, ಹಾಗೆ. ಒಂದು ರನ್‌ಟೈಮ್ ಕೊಟ್ಟ ಮೆಮೊರಿಯನ್ನು ಇನ್ನೊಂದು ಬಿಡಿಸಲು ಹೋದರೆ ಸರ್ವರ್ ಬೀಳಬಹುದು. ಕೂಡಲೇ ಬಿದ್ದರೆ ಪುಣ್ಯ. ಎಕ್ಸ್‌ಟರ್ನಲ್ ಎದುರು ಬಿದ್ದರೆ?

ಇದು ಹಳೆಯ ಕಾಟವಂತೆ. 2009ರ ಪಿಎಚ್‌ಪಿ 5.3ಕ್ಕೆ ವಿಸಿ 6, ವಿಸಿ 9 ಎಂಬ ಎರಡು ಬಗೆಯ ಬಿಲ್ಡ್‌ಗಳಿದ್ದವು. ಅಪಾಚೆಯ ಸ್ವಂತ ತಾಣದಿಂದ ಸರ್ವರ್ ಇಳಿಸಿಕೊಂಡವರು ವಿಸಿ 9 ಮುಟ್ಟಲೇಬೇಡಿ ಎಂದು ಪಿಎಚ್‌ಪಿಯವರೇ ಎಚ್ಚರಿಸುತ್ತಿದ್ದರು. ವಿಷುಯಲ್ ಸ್ಟುಡಿಯೊ 2015ರಿಂದ ಈಚಿನವು ಪರಸ್ಪರ ಹೊಂದಿಕೊಳ್ಳುತ್ತವೆ, ಯಾವುದು ಹೊಸದೋ ಅದಕ್ಕೆ ತಕ್ಕ ರನ್‌ಟೈಮ್ ಇದ್ದರೆ ಸಾಕು. ನಮ್ಮ ಅಪಾಚೆ 2012ರದ್ದಾದ್ದರಿಂದ ಆ ಕೃಪೆಯೂ ಇರಲಿಲ್ಲ. ಫಾಸ್ಟ್‌ಸಿಜಿಐ ಬಳಸಿದರೆ ಪಿಎಚ್‌ಪಿ ಬೇರೆ ಪ್ರೋಸೆಸ್‌ನಲ್ಲಿ ಓಡುತ್ತದೆ, ಜಗಳವೇ ಇಲ್ಲ. ಲಿನಕ್ಸ್‌ನವರಿಗೆ ಡಿಸ್ಟ್ರೊದವರೇ ಎರಡನ್ನೂ ಒಟ್ಟಿಗೆ ಬಿಲ್ಡ್ ಮಾಡಿ ಕೊಡುವುದರಿಂದ ಈ ತಲೆನೋವು ಗೊತ್ತೇ ಆಗುವುದಿಲ್ಲ. ನಾವು ವಿಂಡೋಸ್ ಹುಡುಗರು, ಅನುಭವಿಸಬೇಕು.

ಫಾಸ್ಟ್‌ಸಿಜಿಐ ಕಲಿಯಲು ಅಂದು ಸಮಯವಿರಲಿಲ್ಲ. ಅಪಾಚೆಯನ್ನೂ ವಿಎಸ್ 16ರದ್ದೇ ತಂದು ಹಾಕಿದೆ. ಎರಡೂ 64 ಬಿಟ್ ತಾನೇ, ಪಿಎಚ್‌ಪಿ ಥ್ರೆಡ್ ಸೇಫ್ ತಾನೇ ಎಂದು ಈ ಸಲ ಜಿಪ್ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿದೆ. ಆರೂವರೆಗೆ ವೆಬ್‌ಸೈಟ್ ತೆರೆದುಕೊಂಡಿತು.

ಗೆಳೆಯನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ರೂಮಿಗೆ ಹೋಗಿ, ‘ನಿಂದೇನೂ ತಪ್ಪಿರಲಿಲ್ಲ ಕಣೋ’ ಎಂದೆ. ‘ನನಗೆ ಆಗಲೇ ಗೊತ್ತಿತ್ತು’ ಎಂದ.

ಮರುದಿನ ಎಕ್ಸ್‌ಟರ್ನಲ್ ವೆಬ್‌ಸೈಟನ್ನು ಎರಡು ನಿಮಿಷವೂ ನೋಡಲಿಲ್ಲ. ಕೇಳಿದ್ದೆಲ್ಲ ಥರ್ಡ್ ನಾರ್ಮಲ್ ಫಾರ್ಮ್ ಬಗ್ಗೆ. ಉತ್ತರ ಹೇಳಿದ್ದು ಅವನೇ.