ಕರಿನೀರಿನಾಚೆಯ ಗ್ರಹ: ಕೈದಿಗಳ ವಸಾಹತು ಆಟವನ್ನು ಆಡಿಸುವ ಬಗೆ

ಐದಾರು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಮಾತಿನಲ್ಲೇ ಕಥೆ ಬೆಳೆಸುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಇದು ಜಗತ್ತಿಗೆಲ್ಲ ಹಬ್ಬಿತು. ಅಕ್ಕಿಆಲೂರು, ಹಾನಗಲ್ಲ, ಶಿಗ್ಗಾವಿ ಕಡೆಯವರಿಗೆ ಇದರ ಜೀವಾಳ ಹಿಡಿಯುವುದು ಕಷ್ಟವಲ್ಲ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ಮಾತಿಗೆಳೆಯುವ ಹಾಗೆ, ಇಲ್ಲಿಯೂ ಆಡಿಸುವವನೊಬ್ಬ ಇರುತ್ತಾನೆ. ಆದರೆ ಮುಂದಿನ ಕಥೆ ಅವನಿಗೂ ಗೊತ್ತಿರುವುದಿಲ್ಲ. ಅರ್ಧ ಆಟಗಾರರ ತೀರ್ಮಾನ, ಅರ್ಧ ದಾಳ.

ಈ ಆಟಗಳಲ್ಲಿ ನನ್ನನ್ನು ಹಿಡಿದಿಟ್ಟ ಕಥಾವಸ್ತು ಒಂದಿದೆ: ಶಿಕ್ಷೆಯಾದ ಕೈದಿಗಳನ್ನು ಹಡಗಿಗೆ ತುಂಬಿ ದೂರದ ಗ್ರಹಕ್ಕೆ ಕಳಿಸಿ, ‘ನೆಲ ಹಸನು ಮಾಡಿಕೊಂಡು ಬದುಕಿ’ ಎನ್ನುವುದು. ಇದನ್ನು ಆಡಿಸುವವರು ಸಾಮಾನ್ಯವಾಗಿ ಕಾವಲುಗಾರರ ಜೊತೆ ಬಡಿದಾಟ, ತಪ್ಪಿಸಿಕೊಂಡು ಓಡುವುದು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಇದಕ್ಕಿಂತ ಗಟ್ಟಿಯಾದ ನಿಯಮಗಳು ನಮ್ಮ ಚರಿತ್ರೆಯಲ್ಲೇ ಇವೆ. ಕೈದಿಗಳನ್ನು ಅಂಡಮಾನಿನಂಥ ಕಡಲಾಚೆಯ ನೆಲಕ್ಕೆ ಸಾಗಿಸುತ್ತಿದ್ದ ಕರಿನೀರಿನ ಶಿಕ್ಷೆ ನಡೆದ ಕ್ರಮವನ್ನು ತಿಳಿದುಕೊಂಡರೆ ಆಟದ ಪುಸ್ತಕ ಮುಕ್ಕಾಲು ಪಾಲು ಬರೆದಂತೆಯೇ.

ಕನ್ನಡ ನಾಡಿನವರು ಅಂಡಮಾನಿಗೂ ಮೊದಲೇ ಈ ಶಿಕ್ಷೆ ಕಂಡಿದ್ದರು. 1837ರ ಕೊಡಗು–ಅಮರಸುಳ್ಯ ದಂಗೆಯಲ್ಲಿ ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಇಂಗ್ಲಿಷರು ಗಲ್ಲಿಗೇರಿಸಿದರು, ಇನ್ನು ಕೆಲವರನ್ನು ಸಿಂಗಾಪುರಕ್ಕೆ ಗಡೀಪಾರು ಮಾಡಿದರು. ಅಲ್ಲಿ ಭಾರತದ ಕೈದಿಗಳೇ ರಸ್ತೆ ಹಾಕಿದರು, ಸೇಂಟ್ ಆಂಡ್ರೂಸ್ ಇಗರ್ಜಿ ಕಟ್ಟಿದರು. ಒಳ್ಳೆಯ ನಡತೆಯ ಕೈದಿಗಳನ್ನೇ ಉಳಿದವರ ಮೇಲೆ ಕಾವಲಿಗೆ ಹಾಕುವ ಪದ್ಧತಿಯೂ ಅಲ್ಲಿತ್ತು. ಇದನ್ನು ಆಟಕ್ಕೆ ತಪ್ಪದೆ ತನ್ನಿ. ನಿನ್ನೆಯವರೆಗೆ ಪಕ್ಕದಲ್ಲಿ ಉಂಡ ಗೆಳೆಯ ಇಂದು ಬೆತ್ತ ಹಿಡಿದು ನಿಂತರೆ, ಆಟಗಾರರ ನಡುವಿನ ಮಾತೇ ಬದಲಾಗುತ್ತದೆ.

1858ರ ಮಾರ್ಚ್ 10ರಂದು ಡಾಕ್ಟರ್ ಜೇಮ್ಸ್ ಪ್ಯಾಟಿಸನ್ ವಾಕರ್ 200 ಕೈದಿಗಳೊಂದಿಗೆ ಅಂಡಮಾನಿಗೆ ಬಂದಿಳಿದ. ಮೊದಲು ನಿಂತ ಚಾಥಮ್ ದ್ವೀಪದಲ್ಲಿ ಕುಡಿಯುವ ನೀರು ಸಾಲಲಿಲ್ಲ. ಠಾಣ್ಯವನ್ನು ರಾಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಕಾಡು ಕಡಿಯುತ್ತಲೇ ಜನ ಸತ್ತರು, ಗುಂಪುಗುಂಪಾಗಿ ಓಡಿಹೋದರು. ಮರಳಿ ಸಿಕ್ಕವರಲ್ಲಿ 80ಕ್ಕೂ ಹೆಚ್ಚು ಮಂದಿಯನ್ನು ವಾಕರ್ ಗಲ್ಲಿಗೇರಿಸಿದ. ಆಟದ ಮೊದಲ ಸುತ್ತು ಹೀಗೇ ಇರಲಿ: ಎಲ್ಲಿ ಇಳಿಯಬೇಕು, ನೀರು ಎಲ್ಲಿದೆ, ಯಾರು ಕೊಡಲಿ ಹಿಡಿಯಬೇಕು.

ಮುಂದಿನ ಸುತ್ತುಗಳ ಬೆನ್ನೆಲುಬು ದರ್ಜೆಗಳು. ಅಂಡಮಾನಿನ ಸೆಲ್ಯುಲರ್ ಜೈಲು 1906ರಲ್ಲಿ ಪೂರ್ತಿಯಾದ ಕಾಲದ ಕ್ರಮ ಹೀಗಿತ್ತು. ಹೊಸ ಕೈದಿಗೆ ಆರು ತಿಂಗಳು ಒಂಟಿ ಕೋಣೆ, ಆಮೇಲೆ ಒಂದೂವರೆ ವರ್ಷ ಇತರರ ಜೊತೆ ಜೈಲಿನ ಕೆಲಸ. ಮುಂದಿನ ಮೂರು ವರ್ಷ ಹಗಲು ಹೊರಗೆ ದುಡಿತ, ರಾತ್ರಿ ಬರಾಕಿನಲ್ಲಿ ಬೀಗ. ಅದಾದ ಮೇಲೆ ಐದು ವರ್ಷ ಹಗುರ ಕೆಲಸ, ಸಣ್ಣಪುಟ್ಟ ಮೇಲ್ವಿಚಾರಣೆ, ಕೈಗೆ ಚೂರುಪಾರು ಕಾಸು. ಹೀಗೆ ಹತ್ತು ವರ್ಷ ಕಳೆದವನಿಗೆ ‘ಟಿಕೆಟ್’ ಸಿಗುತ್ತಿತ್ತು. ಟಿಕೆಟ್ ಸಿಕ್ಕವನು ಹಳ್ಳಿಯಲ್ಲಿ ಮನೆ ಮಾಡಬಹುದು, ಹೊಲ ಉಳಬಹುದು, ದನ ಸಾಕಬಹುದು, ಮದುವೆಯಾಗಬಹುದು, ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೂ ಅವನು ಕೈದಿಯೇ: ವಸಾಹತು ಬಿಟ್ಟು ಹೋಗುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಪೂರ್ತಿ ಬಿಡುಗಡೆ 20–25 ವರ್ಷಗಳ ನಂತರದ ಮಾತು.

ಈ ಮೆಟ್ಟಿಲುಗಳನ್ನು ಪ್ರತಿ ಆಟಗಾರನ ಹಾಳೆಯಲ್ಲಿ ಬರೆಸಿ. ಮೆಟ್ಟಿಲೇರಿದಂತೆ ಒಂದು ಹಕ್ಕು ಸಿಗಲಿ, ಒಂದು ತಪ್ಪಿಗೆ ಎರಡು ಮೆಟ್ಟಿಲು ಕೆಳಗೆ ಬೀಳಲಿ. ಕಳೆದುಕೊಳ್ಳಲು ಒಂದು ಎಕರೆ ಹೊಲ ಇರುವ ಕೈದಿ ದಂಗೆಯೇಳುವ ಮೊದಲು ಹತ್ತು ಸಲ ಯೋಚಿಸುತ್ತಾನೆ. ಗೋಡೆಯಿಲ್ಲದೆ ಜನರನ್ನು ಕಟ್ಟಿಹಾಕುವ ಈ ಉಪಾಯದ ಕ್ರೌರ್ಯ ಪುಸ್ತಕ ಓದುವಾಗಿನದಕ್ಕಿಂತ ಆಡುವಾಗ ಹೆಚ್ಚು ತಟ್ಟುತ್ತದೆ.

ದಾಳಕ್ಕೆ ಪೇಟೆಗೆ ಹೋಗಬೇಕಿಲ್ಲ. ನಾಲ್ಕು ಹುಣಸೆಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ತಿಕ್ಕಿ, ಚೌಕಾಬಾರದಲ್ಲಿ ಹಾಕುವಂತೆ ಹಾಕಿ. ಎರಡೂ ಮಗ್ಗುಲು ಸಮವಾಗಿ ಬೀಳುತ್ತವೆಂದು ಹಿಡಿದರೆ, ಎರಡು ಅಥವಾ ಹೆಚ್ಚು ಬೆಳ್ಳಗೆ ಬೀಳುವುದು 16ರಲ್ಲಿ 11 ಸಲ. ಸಾಧಾರಣ ಕೆಲಸಕ್ಕೆ ಅಷ್ಟು ಸಾಕು. ಮೂರು ಅಥವಾ ಹೆಚ್ಚು 16ರಲ್ಲಿ 5 ಸಲ. ಕಷ್ಟದ ಕೆಲಸಕ್ಕೆ ಅದನ್ನಿಡಿ. ನಾಲ್ಕೂ ಕಪ್ಪಾಗುವುದು 16ರಲ್ಲಿ ಒಂದೇ ಸಲ. ಅದು ಬಿದ್ದಾಗ ಯಾರೂ ಎಣಿಸದ ಸಂಗತಿ ನಡೆಯಬೇಕು.

ದೂರವನ್ನು ಮರೆಯಬೇಡಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯವರೆಗೆ ಬೆಳಕಿಗೇ 4 ವರ್ಷಕ್ಕಿಂತ ಹೆಚ್ಚು ಬೇಕು. ‘ಅಕ್ಕಿ ಮುಗಿಯಿತು’ ಎಂದು ಸಂದೇಶ ಕಳಿಸಿದರೆ ಉತ್ತರ ಬರಲು 8 ವರ್ಷ ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಇದರ ಸಣ್ಣ ರೂಪ ನಡೆದಿತ್ತು. 1788ರಲ್ಲಿ ಸಿಡ್ನಿಗೆ ಬಂದ ಕೈದಿಗಳ ವಸಾಹತಿಗೆ ಸಾಮಾನು ಹೊತ್ತು ಬರುತ್ತಿದ್ದ ‘ಗಾರ್ಡಿಯನ್’ ಹಡಗು 1789ರ ಡಿಸೆಂಬರಿನಲ್ಲಿ ಹಿಮಗುಡ್ಡೆಗೆ ಬಡಿಯಿತು. ಮುಂದಿನ ಹಡಗುಗಳು ಬಂದದ್ದು 1790ರ ಜೂನ್‌ನಲ್ಲಿ. ಆ ಹಸಿವಿನ ತಿಂಗಳುಗಳಲ್ಲಿ ಗವರ್ನರ್ ಆರ್ಥರ್ ಫಿಲಿಪ್ ತನ್ನ ಖಾಸಗಿ ಹಿಟ್ಟನ್ನೂ ಉಗ್ರಾಣಕ್ಕೆ ಕೊಟ್ಟು, ಕೈದಿಗಳಷ್ಟೇ ಪಡಿ ತೆಗೆದುಕೊಂಡ.

ಹಾನಗಲ್ಲ ತಾಲ್ಲೂಕು ಕೂರಿಗೆ ಹಿಡಿದು ಭತ್ತ ಬಿತ್ತಿದ ಸೀಮೆ. ಹಸಿವಿನ ವರ್ಷ ಬೀಜದ ಭತ್ತಕ್ಕೆ ಕೈ ಹಾಕುವುದೆಂದರೇನು ಎಂದು ಇಲ್ಲಿನ ಆಟಗಾರರಿಗೆ ವಿವರಿಸಬೇಕಾಗಿಲ್ಲ. ಹತ್ತು ಚೀಲ ಭತ್ತ ಕೊಟ್ಟು, ಎಷ್ಟು ಉಣ್ಣುವುದು, ಎಷ್ಟು ಬಿತ್ತುವುದು ಎಂದು ಅವರೇ ತೀರ್ಮಾನಿಸಲಿ. ಗುದ್ದಾಟದ ದೃಶ್ಯ ಹತ್ತಿದ್ದರೂ ಈ ಒಂದು ಚರ್ಚೆಗೆ ಸಮವಲ್ಲ.

ಇನ್ನು ಗ್ರಹವನ್ನು ಬರಿದಾಗಿ ಇಡಬಾರದು. ಇದು ನನ್ನ ಹಟ. ಅಂಡಮಾನ್ ಖಾಲಿ ನೆಲವಾಗಿರಲಿಲ್ಲ. 1858ರಲ್ಲಿ ಓಡಿಹೋದ ದೂಧನಾಥ ತಿವಾರಿ ಎಂಬ ಕೈದಿಯನ್ನು ಅಲ್ಲಿನ ಮೂಲನಿವಾಸಿಗಳು ಉಳಿಸಿಕೊಂಡರು, ತಮ್ಮ ಹೆಣ್ಣನ್ನೂ ಕೊಟ್ಟರು. ಸುಮಾರು ಒಂದು ವರ್ಷ ಅವರ ನಡುವೆ ಬದುಕಿದವನು, 1859ರ ಮೇ ತಿಂಗಳಲ್ಲಿ ಅವರು ವಸಾಹತಿನ ಮೇಲೆ ಏರಿಬರುವ ಸುದ್ದಿಯನ್ನು ಇಂಗ್ಲಿಷರಿಗೆ ಮುಟ್ಟಿಸಿದ. ಆಗ ನಡೆದ ಅಬರ್ಡೀನ್ ಕಾಳಗದಲ್ಲಿ ಮೂಲನಿವಾಸಿಗಳು ಸೋತರು, ತಿವಾರಿಗೆ ಕ್ಷಮೆ ಸಿಕ್ಕಿತು. 1877ರಲ್ಲಿ ವಸಾಹತಿನಿಂದ ಹಬ್ಬಿದ ದಡಾರ ಆ ಜನರನ್ನು ಇನ್ನಷ್ಟು ನುಂಗಿತು. ಆಟದಲ್ಲಿ ಒಬ್ಬನಿಗಾದರೂ ತಿವಾರಿಯ ಸ್ಥಾನ ಬರುವಂತೆ ಕಥೆ ಹೆಣೆಯಿರಿ. ಯಾರ ಋಣ ದೊಡ್ಡದು ಎಂಬುದನ್ನು ಹುಣಸೆಬೀಜಕ್ಕೆ ಬಿಡದೆ ಆ ಆಟಗಾರನ ಬಾಯಿಂದಲೇ ಹೇಳಿಸಿ.

ಆಟ ಮುಗಿಸಲು ಬಿಡುಗಡೆಯ ಹಡಗು ತನ್ನಿ. ಅಂಡಮಾನಿನಲ್ಲಿ ಬಿಡುಗಡೆಯಾದ ಮೇಲೂ ಅಲ್ಲೇ ನಿಂತವರಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ‘ಲೋಕಲ್ ಬಾರ್ನ್’ ಎಂದು ಕರೆಸಿಕೊಂಡು ಇಂದಿಗೂ ಆ ದ್ವೀಪಗಳಲ್ಲಿದ್ದಾರೆ. ನಿಮ್ಮ ಆಟಗಾರರಿಗೂ ಅಷ್ಟೇ ಕೇಳಿ: ಹತ್ತುತ್ತೀರೋ, ನಿಲ್ಲುತ್ತೀರೋ? ಯಾಕೆ ಎಂಬುದನ್ನೂ ಪ್ರತಿಯೊಬ್ಬರೂ ಹೇಳಬೇಕು. ಎರಡು ಮೂರು ಸಂಜೆ ಆಡಿದ ಮೇಲೆ ಈ ಪ್ರಶ್ನೆ ಇಡಿ. ಅದಕ್ಕೂ ಮೊದಲು ಇಟ್ಟರೆ ಎಲ್ಲರೂ ಹಡಗು ಹತ್ತಿಬಿಡುತ್ತಾರೆ.